ಹದ್ದಿನ ಖಾತೆ ಎಲ್ಲಿ?

ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1959ರಲ್ಲಿ ರಚಿಸಿದ ‘ಕ್ಯಾನ್ಯನ್’ ಎಂಬ ಮಿಶ್ರಮಾಧ್ಯಮ ಕೃತಿಯಲ್ಲಿ ಬಣ್ಣದೊಡನೆ ಸತ್ತ ಹದ್ದೊಂದರ ದೇಹವೇ ಸೇರಿದೆ. ಹದ್ದುಗಳ ರಕ್ಷಣಾ ಶಾಸನದಂತೆ ಅದರ ಮಾರಾಟ ನಿಷಿದ್ಧ. ಆದ್ದರಿಂದ ಒಡತಿ 2007ರಲ್ಲಿ ನಿಧನರಾದ ಮೇಲೆ ವಾರಸುದಾರರು ಅದರ ಬೆಲೆ ಶೂನ್ಯವೆಂದರು. ತೆರಿಗೆ ಇಲಾಖೆ 6.5 ಕೋಟಿ ಡಾಲರೆಂದಿತು. 2012ರಲ್ಲಿ ಕೃತಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ವ್ಯಾಜ್ಯ ಮುಗಿಯಿತು.

ವ್ಯಾಪಾರಿಯಾದ ನಾನು ಕೇಳುವುದಿಷ್ಟೆ: ಈ ಲೆಕ್ಕದಲ್ಲಿ ಹದ್ದಿನ ಖಾತೆ ಎಲ್ಲಿದೆ? ಅದು ಹಳೆಯ ಕೊಲೆ ಎಂಬ ಸಮಾಧಾನ ಸಲ್ಲದು. ಕೊಂದವನು ಬೇರೆಯಾದರೂ ಮೆಚ್ಚಿ ಗೋಡೆಗೇರಿಸಿದವನಿಗೆ ಅನುಮೋದನೆಯ ಪಾಲು ತಪ್ಪದು. ಬಣ್ಣದಿಂದ ಹದ್ದನ್ನು ಹಾರಿಸಲಾರದೆ ಅದರ ಶವವನ್ನೇ ತರುವುದು ಕಲೆಯ ಸೋಲು.

ನಮ್ಮ ಬಸದಿಗಳ ಟ್ರಸ್ಟುಗಳು ಚಿತ್ರವನ್ನು ಕೊಳ್ಳುವ ಅಥವಾ ದಾನವಾಗಿ ಸ್ವೀಕರಿಸುವ ಮುನ್ನ ಬೆಲೆಯನ್ನಲ್ಲ, ಕುಂಚದ ಕೂದಲು, ಅಂಟು, ಗರಿಗಳ ಮೂಲವನ್ನು ಮೊದಲು ವಿಚಾರಿಸಲಿ.