ಕೇಬಲ್ ತಂತಿಯನ್ನು ಕಳಚುವ ಮುನ್ನ

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಹಳ್ಳಿಗಳಲ್ಲಿ ವಿದ್ಯುತ್ ಕಂಬದಿಂದ ಕಂಬಕ್ಕೆ, ಕಂಬದಿಂದ ತೆಂಗಿನ ಮರಕ್ಕೆ, ಮರದಿಂದ ಮನೆಯ ಮಾಡಿಗೆ ತೂಗುತ್ತ ಬಂದ ಕರಿಯ ತಂತಿಯೊಂದು ಸುಮಾರು ಮೂರು ದಶಕಗಳ ಕಾಲ ಗೃಹಸ್ಥರ ಸಂಜೆಯನ್ನು ಆಳಿತು. ಕೇಬಲ್ ಎಂಬ ಅನ್ಯದೇಶ್ಯ ಪದವು ಅಕ್ಷರ ಬಾರದ ಮುದುಕಿಯ ನಾಲಗೆಯಲ್ಲಿಯೂ ಸಲೀಸಾಗಿ ಹೊರಳುವಷ್ಟರ ಮಟ್ಟಿಗೆ ಆ ತಂತಿಯ ಪರಿಚಯ ಬಳೆಯಿತು. ಈಗ ಅದನ್ನು ಕಳಚಿಹಾಕುವ ವಿಚಾರ ಮನೆಮನೆಯಲ್ಲಿ ನಡೆದಿದೆ. ತಿಂಗಳು ತಿಂಗಳು ಹಣ ತೆರುವುದೇಕೆ, ಅಗ್ಗದ ದಾರಿಗಳು ಇರುವಾಗ, ಎಂಬುದು ಕಿರಿಯರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಆದರೆ ಅಗ್ಗವೆಂಬುದು ಯಾರಿಗೆ ಅಗ್ಗ, ಅದರ ಬೆಲೆಯನ್ನು ಮನೆಯಲ್ಲಿ ಯಾರು ತೆರುತ್ತಾರೆ ಎಂಬುದನ್ನೂ ಜತೆಯಲ್ಲಿಯೇ ವಿಚಾರಿಸುವುದು ಉಚಿತ.

ದೂರದರ್ಶನವು ಭಾರತದಲ್ಲಿ ಕಾಲಿರಿಸಿದುದು 1959ರ ಸೆಪ್ಟೆಂಬರ್ 15ರಂದು, ದಿಲ್ಲಿಯಲ್ಲಿ. ಬೆಂಗಳೂರಿನ ಕೇಂದ್ರ ತೆರೆದುದು 1981ರ ನವೆಂಬರ್ 1ರಂದು. ಈ ನಡುವೆ ನಡೆದ ಒಂದು ಸಂಗತಿಯನ್ನು ಇಂದಿನವರು ಬಹುಮಟ್ಟಿಗೆ ಮರೆತಿದ್ದಾರೆ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಅಮೆರಿಕದಿಂದ ಎರವಲು ತಂದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಚಿತ್ರವೂ ಧ್ವನಿಯೂ ನೇರವಾಗಿ ಆಕಾಶದಿಂದಲೇ ಇಳಿದವು. ಕರ್ನಾಟಕದ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠಗಳೇ ಅಂದಿನ ಮುಖ್ಯ ವಿಷಯಗಳು. ನೋಡಿದವರು ಕಾಸು ತೆತ್ತವರಲ್ಲ. ಇಂದು ಹೊಸತೆಂದು ಹೇಳಲ್ಪಡುವ ಬಿಟ್ಟಿ ತಟ್ಟೆಯ ಬೇರು ಅಲ್ಲಿದೆ.

ತರುವಾಯದ ಕಥೆ ಬಲ್ಲವರಿಗೆ ಗೊತ್ತು. ರೇಡಿಯೋ, ಟಿ.ವಿ.ಗಳಿಗೆ ಅಂಚೆಕಚೇರಿಯಲ್ಲಿ ಪರವಾನಗಿ ಹಣ ಕಟ್ಟುವ ಪದ್ಧತಿ 1985ರಲ್ಲಿ ನಿಂತಿತು. ಹೊನ್ನಾವರ ಸೀಮೆಯಲ್ಲಿ ಹುಟ್ಟಿದ ಶಂಕರ್ ನಾಗ್ ಅವರು ನಿರ್ದೇಶಿಸಿದ ಮಾಲ್ಗುಡಿ ದಿನಗಳು, ಅದರ ಬೆನ್ನಿಗೆ ರಾಮಾಯಣ, ಮಹಾಭಾರತಗಳು ಊರಿಗೊಂದೋ ಎರಡೋ ಇದ್ದ ಪೆಟ್ಟಿಗೆಗಳ ಮುಂದೆ ಜನವನ್ನು ನೆರೆಸಿದವು. 1991ರ ಕೊಲ್ಲಿ ಯುದ್ಧದ ವರ್ಷದಿಂದಾಚೆಗೆ ಪರದೇಶದ ವಾಹಿನಿಗಳು ಬಂದವು. ಅವುಗಳನ್ನು ದೊಡ್ಡ ತಟ್ಟೆಯಲ್ಲಿ ಹಿಡಿದು ತಂತಿಯ ಮೂಲಕ ಮನೆಗಳಿಗೆ ಹಂಚುವ ಉದ್ಯೋಗ ಹುಟ್ಟಿತು. 1995ರಲ್ಲಿ ಅದಕ್ಕೊಂದು ಕಾಯಿದೆಯೂ ಆಯಿತು. ಕೇಬಲ್ ನಡೆಸುವವನು ಅಂಚೆಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂದಾಯಿತು. ನೋಡುವವನು ಅಂಚೆಯ ಬಾಗಿಲಿಗೆ ಹೋಗುವುದು ತಪ್ಪಿ ಹತ್ತು ವರ್ಷಕ್ಕೆ ತೋರಿಸುವವನು ಅದೇ ಬಾಗಿಲಿಗೆ ಬಂದನೆಂಬುದು ಸ್ವಾರಸ್ಯವಾದ ಮಾತು.

ಇನ್ನು ಹಣದ ವಿಚಾರ. 2019ರ ಫೆಬ್ರವರಿ 1ರಿಂದ ಜಾರಿಗೆ ಬಂದ ಹೊಸ ದರಪದ್ಧತಿಯಲ್ಲಿ ಮೊದಲ ನೂರು ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ ಎಂಬ ಮಿತಿಯಿತ್ತು. ಇದು ಬರಿಯ ದಾರಿಯ ಸುಂಕ. ಬೇಕಾದ ಹಣದ ವಾಹಿನಿಗಳ ಬೆಲೆ ಇದರ ಮೇಲೆ ಬೇರೆ. ನೋಡುಗನಿಗೆ ಆಯ್ಕೆಯ ಸ್ವಾತಂತ್ರ್ಯ ದೊರಕಿತೆಂದು ಆಗ ಹೇಳಲಾಯಿತು; ಆಯ್ಕೆ ಮಾಡುತ್ತ ಹೋದಂತೆ ಅನೇಕರ ಪಾವತಿ ಮೊದಲಿಗಿಂತ ಏರಿತು. 2024ರ ಜುಲೈಯಲ್ಲಿ ಆ ಮಿತಿಯನ್ನೂ ನಿಯಂತ್ರಣ ಪ್ರಾಧಿಕಾರವು ತೆಗೆದುಹಾಕಿತು. ಹಳೆಯ ಸುಂಕವನ್ನೇ ಹಿಡಿದು ಗುಣಿಸಿದರೂ ವರ್ಷಕ್ಕೆ 1840 ರೂಪಾಯಿ ಮೀರುತ್ತದೆ. ದೂರದರ್ಶನದ ಫ್ರೀ ಡಿಶ್ ಎಂಬ ವ್ಯವಸ್ಥೆಯ ತಟ್ಟೆ, ಪೆಟ್ಟಿಗೆ, ತಂತಿ, ಕೂಲಿ ಎಲ್ಲವೂ ಸೇರಿ ಒಮ್ಮೆಗೆ ಬೀಳುವ ವೆಚ್ಚ ಹೆಚ್ಚುಕಡಮೆ ಇಷ್ಟೇ. ಆಮೇಲೆ ತಿಂಗಳ ಬಾಡಿಗೆಯೆಂಬುದಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಅಮೆರಿಕ ಮೊದಲಾದ ದೇಶಗಳಲ್ಲಿ ಕೇಬಲ್ ಬಿಟ್ಟವರು ಮಾಡಿನ ಮೇಲೆ ಆಂಟೆನಾ ನಿಲ್ಲಿಸಿ ಆಯಾ ಊರಿನ ಪ್ರಸಾರಗಳನ್ನು ಬಿಟ್ಟಿಯಾಗಿ ಹಿಡಿಯುತ್ತಾರೆ. ರಜೆಗೆ ಬಂದ ಹಳೆಯ ವಿದ್ಯಾರ್ಥಿಗಳು ಅದೇ ಉಪಾಯವನ್ನು ಇಲ್ಲಿಯೂ ಹೇಳುವುದುಂಟು. ಆದರೆ ಬಿದಿರಿನ ಗಳುವಿಗೆ ಕಟ್ಟಿದ ಏರಿಯಲ್ಲಿನ ಕಾಲ ಈ ನಾಡಿನಲ್ಲಿ ಮುಗಿದಿದೆ. ನೆಲದ ಮೇಲಿನ ಹಳೆಯ ಪ್ರಸಾರ ಸ್ತಂಭಗಳನ್ನು, ಗಡಿ ಮೊದಲಾದ ಮಹತ್ತ್ವದ ಸುಮಾರು ಐವತ್ತು ಕಡೆಗಳನ್ನು ಬಿಟ್ಟು, 2022ರ ಮಾರ್ಚ್ ವೇಳೆಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿಯು ಸಾರಿ ಹಾಗೆಯೇ ನಡೆಸಿತು. ಆದ್ದರಿಂದ ಇಲ್ಲಿ ಆಂಟೆನಾ ಎಂದರೆ ಆಕಾಶಕ್ಕೆ ಮುಖಮಾಡಿದ ತಟ್ಟೆಯೇ. 2004ರ ಡಿಸೆಂಬರಿನಲ್ಲಿ ಆರಂಭವಾದ ಈ ವ್ಯವಸ್ಥೆ 2024ರ ವೇಳೆಗೆ ಸುಮಾರು 4.9 ಕೋಟಿ ಮನೆಗಳನ್ನು ಮುಟ್ಟಿತ್ತೆಂದು ಅಧಿಕೃತ ಅಂದಾಜು.

ಅಘನಾಶಿನಿ, ಶರಾವತಿಗಳ ಕಣಿವೆಯವರಿಗೆ ಈ ತಟ್ಟೆ ಒಂದು ವಿಧದಲ್ಲಿ ವರವೇ ಸರಿ. ನೆಲದ ಸ್ತಂಭದಿಂದ ಬರುವ ಅಲೆಗಳಿಗೆ ಘಟ್ಟದ ಸಾಲು, ಗುಡ್ಡದ ಬೆನ್ನು ಅಡ್ಡವಾಗುತ್ತಿದ್ದವು. ಗುಡ್ಡದ ಈಚೆಯ ಮನೆಯಲ್ಲಿ ಚಿತ್ರ, ಆಚೆಯ ಮನೆಯಲ್ಲಿ ಬರಿಯ ಹಿಮಪಾತ. ಫ್ರೀ ಡಿಶ್ಶಿನ ಉಪಗ್ರಹವಿರುವುದು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ಕುಮಟೆಯಲ್ಲಿ ನಿಂತು ನೋಡುವವನಿಗೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಅರುವತ್ತು ಡಿಗ್ರಿಗೂ ಮಿಕ್ಕ ಎತ್ತರದಲ್ಲಿ ಇರುತ್ತದೆ. ಅಷ್ಟು ಎತ್ತರದ ನೋಟಕ್ಕೆ ಯಾವ ಘಟ್ಟವೂ ಅಡ್ಡಬರಲಾರದು. ಅಡ್ಡ ಬರುವುದು ಅಂಗಳದ ತೆಂಗಿನ ಗರಿ, ತೋಟದ ಅಡಿಕೆಯ ತಲೆ. ಬೇಸಗೆಯಲ್ಲಿ ಸ್ಪಷ್ಟವಾಗಿದ್ದ ಚಿತ್ರ ಎರಡು ವರ್ಷದ ತರುವಾಯ ಕೆಟ್ಟಿತೆಂದರೆ ಪೆಟ್ಟಿಗೆಯನ್ನು ದೂರುವ ಮುನ್ನ ಮರದ ಬೆಳವಣಿಗೆಯನ್ನು ನೋಡುವುದು ಬುದ್ಧಿವಂತಿಕೆ. ಆಷಾಢದ ಧಾರಾಕಾರ ಮಳೆಯಲ್ಲಿ ಸಂಕೇತ ಕ್ಷೀಣಿಸಿ ಚಿತ್ರ ಚೂರುಚೂರಾಗುವುದು ಬೇರೆ ಮಾತು. ಅದಕ್ಕೆ ಮಳೆ ನಿಲ್ಲುವುದೊಂದೇ ಮದ್ದು. ಅದೇ ಮಳೆಗಾಳಿಗೆ ಮರ ಬಿದ್ದು ಕೇಬಲ್ ತಂತಿ ಹರಿದರೆ ಎರಡು ಮೂರು ದಿನ ಕಾಯುತ್ತಿದ್ದುದನ್ನು ನೆನೆದರೆ ಅರ್ಧ ಗಳಿಗೆಯ ಈ ವಿಘ್ನ ದೊಡ್ಡದಲ್ಲ.

ಆದರೆ ಆ ತಟ್ಟೆಯಲ್ಲಿ ಬಡಿಸಿರುವುದೇನು? ಕನ್ನಡದ ಮಟ್ಟಿಗೆ ಮುಖ್ಯವಾಗಿ ದೂರದರ್ಶನದ ಚಂದನ. ಹಿಂದೀ ವಾಹಿನಿಗಳು ಯಥೇಚ್ಛ. ಕನ್ನಡದ ಹೆಸರಾಂತ ಖಾಸಗಿ ಮನರಂಜನಾ ವಾಹಿನಿಗಳು ಹಣದವಾದುದರಿಂದ ಅಲ್ಲಿ ದೊರೆಯುವುದಿಲ್ಲ. ಚಂದನವನ್ನು ತಾತ್ಸಾರ ಮಾಡುವವರ ಮಾತನ್ನು ಒಪ್ಪಲಾಗದು. 2002ರಲ್ಲಿ ಆರಂಭವಾಗಿ ಮೂರು ಸಾವಿರಕ್ಕೂ ಮಿಕ್ಕಿ ಸಂಚಿಕೆಗಳನ್ನು ಕಂಡ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ‘ಥಟ್ ಅಂತ ಹೇಳಿ’ ಕಾರ್ಯಕ್ರಮದಲ್ಲಿ ಸರಿಯುತ್ತರಕ್ಕೆ ಬಹುಮಾನವಾಗಿ ಕೊಟ್ಟುದು ಕನ್ನಡ ಪುಸ್ತಕಗಳನ್ನು. ಲಕ್ಷಗಳನ್ನೂ ಕೋಟಿಗಳನ್ನೂ ಪರದೆಯ ಮೇಲೆ ಎಣಿಸುವ ಕಾಲದಲ್ಲಿ ಇದು ಸಾಮಾನ್ಯವಾದ ಸಾಹಸವಲ್ಲ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದ್ದಾಗ ‘ಸಂವೇದ’ ಎಂಬ ಹೆಸರಿನ ಪಾಠಗಳು ಇದೇ ಚಂದನದಲ್ಲಿ ಬಂದುದನ್ನು ಶಿಕ್ಷಕರು ಮರೆತಿರಲಾರರು. ಮೊಬೈಲಿನ ಸಂಕೇತಕ್ಕಾಗಿ ಮಕ್ಕಳು ಗುಡ್ಡ ಹತ್ತಿ ಕೂತ ದಿನಗಳವು.

ಎಲ್ಲರೂ ಸದಾ ಪಾಠವನ್ನೇ ನೋಡಬೇಕೆನ್ನುವುದು ಅನ್ಯಾಯ. ಹೊಳೆಸಾಲಿನ ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಮಗ ಬೆಂಗಳೂರಿನಲ್ಲಿದ್ದಾನೆ, ಮನೆಯಲ್ಲಿ ತಾಯಿ ಒಬ್ಬಳೇ. ರಜೆಗೆ ಬಂದ ಮಗ ಲೆಕ್ಕ ಹಾಕಿ ಕೇಬಲ್ ತೆಗೆಸಿ, ಗೋಡೆಗೆ ಹೊಸ ಟಿ.ವಿ. ತೂಗಿಸಿ, ಅಂತರಜಾಲದ ಮೂಲಕ ಚಿತ್ರ ಬರುವ ಏರ್ಪಾಡು ಮಾಡಿ, ತಾಯಿಗೆ ಎರಡು ಬಾರಿ ತೋರಿಸಿಕೊಟ್ಟು ಹೊರಡುತ್ತಾನೆ. ಮೂರನೆಯ ದಿನ ದೂರವಾಣಿಯಲ್ಲಿ ಆಕೆ ಕೇಳುವ ಮೊದಲ ಮಾತು, “ತಮಾ, ನನ್ನ ಧಾರಾವಾಹಿ ಎಲ್ಲಿ ಹೋತು?” ಎಂದು. ಧಾರಾವಾಹಿ ಎಲ್ಲಿಗೂ ಹೋಗಿಲ್ಲ. ಅದನ್ನು ತಲಪುವುದಕ್ಕೆ ಮೊದಲು ಎರಡು ಗುಂಡಿ ಒತ್ತಿದರೆ ಸಾಕಾಗಿತ್ತು. ಈಗ ಬಹುಪಾಲು ಆಂಗ್ಲಲಿಪಿಯಲ್ಲಿರುವ ಚೌಕಗಳ ನಡುವೆ ಅಲೆದು, ಹೆಸರು ಗುರುತಿಸಿ, ಒಳಗೆ ಹೊಕ್ಕು, ಸಂಚಿಕೆಯನ್ನು ಆರಿಸಬೇಕು. ಮೇಲಾಗಿ ಧಾರಾವಾಹಿಗಳು ಒಂದೇ ಅಂಗಡಿಯಲ್ಲಿಲ್ಲ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣಗಳದು 2025ರ ಫೆಬ್ರವರಿಯಲ್ಲಿ ಎರಡು ಸೇರಿ ಒಂದಾದ ಜಿಯೋಹಾಟ್‌ಸ್ಟಾರ್. ಜೀ ಕನ್ನಡದ್ದು ಜೀ5. ಉದಯದ್ದು ಸನ್ ನೆಕ್ಸ್ಟ್. ಸಂಜೆ ಏಳಕ್ಕೊಂದು, ಎಂಟಕ್ಕೊಂದು ನೋಡುತ್ತಿದ್ದವಳಿಗೆ ಮೂರು ಬಾಗಿಲು, ಮೂರು ಚಂದಾ. ಮಗನ ಲೆಕ್ಕದ ಹಾಳೆಯಲ್ಲಿ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಉಳಿದಿರಬಹುದು; ತಾಯಿಯ ಸಂಜೆಯಲ್ಲಿ ಎರಡು ಗಂಟೆ ಬರಿದಾಯಿತು. ಆಕೆಯ ಪಾಲಿಗೆ ಆ ಪರದೆ ಕತ್ತಲಾದ ಮೇಲೆ ಮನೆಯಲ್ಲಿ ಕೇಳುವ ಮನುಷ್ಯರ ದನಿ. ಧಾರಾವಾಹಿಗಳ ಅತ್ತೆಸೊಸೆಯರ ಕಲಹ ಪಂಡಿತರಿಗೆ ರುಚಿಸದಿರಬಹುದು. ಹಾಗೆಂದು ಆಕೆಯ ರುಚಿಯನ್ನು ಆಕೆಯನ್ನು ಕೇಳದೆ ಕತ್ತರಿಸುವ ಅಧಿಕಾರ ಮಗನಿಗೂ ಇಲ್ಲ, ಪಂಡಿತನಿಗೂ ಇಲ್ಲ.

ಅಂತರಜಾಲದ ದಾರಿಯ ಅಗ್ಗತನವೂ ಷರತ್ತಿಗೊಳಪಟ್ಟುದು. ಮನೆಗೆ ಮೊದಲೇ ಫೈಬರ್ ಸಂಪರ್ಕ ಬಂದಿದ್ದರೆ, ಮಗಳು ಮನೆಯಿಂದಲೇ ಕಚೇರಿಯ ಕೆಲಸ ಮಾಡುತ್ತಿದ್ದರೆ, ಚಿತ್ರ ನೋಡುವುದು ಅದೇ ಖರ್ಚಿನ ಮೇಲೆ ಬಂದ ಲಾಭ. ಚಿತ್ರಕ್ಕಾಗಿಯೇ ತಿಂಗಳಿಗೆ ನಾಲ್ಕುನೂರರ ಆಸುಪಾಸಿನ ಸಂಪರ್ಕ ಪಡೆದು, ಮೇಲೆ ಚಂದಾ ಕಟ್ಟುವವನು ಕೇಬಲ್ಲಿಗಿಂತ ಅಧಿಕವಾಗಿಯೇ ತೆರುತ್ತಾನೆ. ಮೊಬೈಲಿನ ದಿನಕ್ಕೆ ಒಂದೂವರೆ ಜಿ.ಬಿ.ಯನ್ನು ನಂಬಿ ದೊಡ್ಡ ಪರದೆಯಲ್ಲಿ ನೋಡತೊಡಗಿದರೆ ಸಾಧಾರಣ ಗುಣಮಟ್ಟದಲ್ಲಿಯೂ ಎರಡು ಗಂಟೆಯೊಳಗೆ ಅದು ತೀರಬಹುದು. ಘಟ್ಟದ ಬುಡದ ಕೇರಿಗಳಲ್ಲಿ ಆ ಸಂಕೇತವೇ ನೆಟ್ಟಗಿಲ್ಲ. 2024ರ ನವೆಂಬರಿನಲ್ಲಿ ಪ್ರಸಾರ ಭಾರತಿಯೇ ಆರಂಭಿಸಿದ ವೇವ್ಸ್ ಎಂಬ ವೇದಿಕೆಯಲ್ಲಿ ದೂರದರ್ಶನದ ಹಳೆಯ ಕಾರ್ಯಕ್ರಮಗಳು ಬಿಟ್ಟಿಯಾಗಿ ದೊರೆಯುತ್ತವೆಂಬುದು ಮೆಚ್ಚತಕ್ಕ ವಿಷಯ. ಅಲ್ಲಿಗೂ ಹೋಗಲು ಅಂತರಜಾಲವೇ ಬೇಕು.

ಒಂದು ವಿಷಯದಲ್ಲಿ ಮಾತ್ರ ಅಂತರಜಾಲಕ್ಕೆ ಈ ಸೀಮೆಯವರು ಋಣಿಗಳು. 1934ರಲ್ಲಿ ಸ್ಥಾಪಿತವಾದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ಊರು ಇದು; ಕೆರೆಮನೆ ಶಂಭು ಹೆಗಡೆ, ಚಿಟ್ಟಾಣಿ ರಾಮಚಂದ್ರ ಹೆಗಡೆ ಇವರು ಹೆಜ್ಜೆಯಿಟ್ಟ ನೆಲ ಇದು. ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿಯವರು 2017ರಲ್ಲಿ ಅಗಲಿದರು. ನೂರಾರು ವಾಹಿನಿಗಳನ್ನು ಹೊತ್ತು ತಂದ ತಂತಿ ಇಡೀ ರಾತ್ರಿಯ ಆಟವೊಂದನ್ನು ತಂದುದು ಅಪೂರ್ವ. ಇಂದು ಯೂಟ್ಯೂಬಿನಲ್ಲಿ ಚಿಟ್ಟಾಣಿಯವರ ಅಭಿನಯವನ್ನು ಬೇಕೆಂದಾಗ ನೋಡಬಹುದು; ಮುಂಬಯಿಯಲ್ಲಿರುವವರೂ ಕೊಲ್ಲಿ ದೇಶಗಳಲ್ಲಿ ದುಡಿಯುವ ಭಟ್ಕಳ ಕಡೆಯವರೂ ನಡೆಯುತ್ತಿರುವ ಆಟವನ್ನು ಆಗಲೇ ಕಾಣಬಹುದು. ಇದರಿಂದ ಭಾಗವತರಿಗೂ ವೇಷಧಾರಿಗಳಿಗೂ ನಾಲ್ಕು ಕಾಸು ತಲಪುತ್ತಿದೆಯೇ ಎಂಬುದನ್ನು ಆಟ ಆಡಿಸುವವರು ವಿಚಾರಿಸಬೇಕು.

ಕೇಬಲ್ಲಿನವನ ಮಾತನ್ನೂ ಆಡದಿದ್ದರೆ ತಪ್ಪಾದೀತು. ಅವನು ದೂರದ ಕಂಪೆನಿಯಲ್ಲ, ಊರಿನವನೇ. ಮಳೆಯಲ್ಲಿ ಏಣಿ ಹೊತ್ತು ಕಂಬ ಹತ್ತಿದವನು, ಹಣ ಬಾಕಿಯಿದ್ದರೂ ಹಬ್ಬದ ದಿನ ತಂತಿ ಕೀಳದವನು. ದರಪಟ್ಟಿ ಅವನ ಕೈಯಲ್ಲಿಲ್ಲ, ಬೈಗುಳ ಮಾತ್ರ ಅವನ ಪಾಲಿಗೆ. ನಾಡಿನ ಹಲವೆಡೆ ಇಂಥವರು ಅದೇ ಕಂಬಗಳ ಮೇಲೆ ಫೈಬರ್ ಎಳೆದು ಅಂತರಜಾಲ ಕೊಡುವ ಕೆಲಸಕ್ಕೆ ತಿರುಗಿಕೊಂಡಿದ್ದಾರೆ. ಸಂಪರ್ಕ ಪಡೆಯುವವರು ಮೊದಲು ಇವನನ್ನು ಕೇಳಿದರೆ ಊರಿನ ದುಡಿಮೆ ಊರಿನಲ್ಲಿ ಉಳಿಯುತ್ತದೆ. ಕೆಟ್ಟರೆ ಬಂದು ನೋಡುವವನೂ ಅವನೇ.

ಹಾಗಾದರೆ ಮಾಡತಕ್ಕದ್ದೇನು? ಮನೆಯಲ್ಲಿ ಹಿರಿಯರು ಒಂಟಿಯಾಗಿದ್ದು ಕನ್ನಡ ಧಾರಾವಾಹಿಗಳನ್ನೇ ನಂಬಿದ್ದರೆ ಕೇಬಲ್ ಉಳಿಯಲಿ. ನೋಡದ ಹಿಂದೀ, ಆಂಗ್ಲ ಕಟ್ಟುಗಳನ್ನು ತೆಗೆಸಿದರೆ ಹಣ ತಾನಾಗಿ ಇಳಿಯುತ್ತದೆ. ಕಿರಿಯರಿರುವ, ಅಂತರಜಾಲ ಬಂದಿರುವ ಮನೆಯಲ್ಲಿ ತಟ್ಟೆಯೊಂದು ಮಾಡಿನ ಮೇಲಿರಲಿ, ಚಂದಾ ಒಂದು ಸಲಕ್ಕೆ ಒಂದೇ ಇರಲಿ. ಕ್ರಿಕೆಟ್ಟಿಗಾಗಿ ಹಂಬಲಿಸುವವರು 2007ರ ಕಾಯಿದೆಯ ಮೇರೆಗೆ ರಾಷ್ಟ್ರೀಯ ಮಹತ್ತ್ವದ ಪಂದ್ಯಗಳನ್ನು ದೂರದರ್ಶನದೊಡನೆ ಹಂಚಿಕೊಳ್ಳಬೇಕೆಂಬುದನ್ನು ತಿಳಿದಿರಲಿ. ಅಂಥ ಪ್ರಸಾರ ಫ್ರೀ ಡಿಶ್ಶಿನಲ್ಲಿ ಬಿಟ್ಟಿ.

ಅಮರಕೋಶ ಓದಿದವರಿಗೆ ವಾಹಿನಿಯೆಂದರೆ ಸೇನೆಯೂ ಹೌದು, ನದಿಯೂ ಹೌದು. ಯಾವ ಅರ್ಥದ ವಾಹಿನಿ ಶಾಲೆಯೊಳಗೆ ಹೊಗಬೇಕೆಂಬುದು ಶಿಕ್ಷಕರ ವಿವೇಕಕ್ಕೆ ಸೇರಿದ್ದು. ಮಹಾದಾನಿಗಳು ಇತ್ತೀಚೆಗೆ ಶಾಲೆಗಳಿಗೆ ದೊಡ್ಡ ಪರದೆಯ ಟಿ.ವಿ.ಗಳನ್ನು ಉದಾರವಾಗಿ ಕೊಡುತ್ತಿರುವುದು ಸ್ತುತ್ಯ. ಅಂತರಜಾಲದ ಹಣ ಕಟ್ಟುವವರಿಲ್ಲದೆ ಅಂಥ ಪರದೆ ವರ್ಷಕ್ಕೆರಡು ಸಲ, ಆಗಸ್ಟಿನಲ್ಲಿಯೂ ಜನವರಿಯಲ್ಲಿಯೂ, ಬೆಳಗುವ ವಸ್ತುವಾಗಿ ಉಳಿದರೆ ದಾನದ ಫಲವೇನು? 2020ರಲ್ಲಿ ಆರಂಭಗೊಂಡ ಪಿ.ಎಂ. ಇ-ವಿದ್ಯಾ ಯೋಜನೆಯ ಪಾಠವಾಹಿನಿಗಳನ್ನು ಹನ್ನೆರಡರಿಂದ ಇನ್ನೂರಕ್ಕೆ ಏರಿಸುವುದಾಗಿ 2022ರ ಮುಂಗಡಪತ್ರ ಸಾರಿತು. ಇವು ತಟ್ಟೆಯ ಮೂಲಕ ತಿಂಗಳ ಖರ್ಚಿಲ್ಲದೆ ಬರತಕ್ಕವು. ಪರದೆ ಕೊಡುವವರು ಅದರೊಡನೆ ತಟ್ಟೆಯನ್ನೂ ಎಂಪೆಗ್-4 ಜಾತಿಯ ಪೆಟ್ಟಿಗೆಯನ್ನೂ ಕೊಡಲಿ. ಹಳೆಯ ಜಾತಿಯ ಪೆಟ್ಟಿಗೆಯಲ್ಲಿ ಎಲ್ಲ ವಾಹಿನಿಗಳೂ ಬಾರವು. ತಟ್ಟೆಯನ್ನು ಶಾಲೆಯ ಮಾಡಿನ ಆಗ್ನೇಯ ಮೂಲೆಯಲ್ಲಿ, ಕೈಗೆಟುಕುವಂತೆ ನಿಲ್ಲಿಸಿ, ವೈಶಾಖ ಮುಗಿಯುವುದರೊಳಗೆ ಅದರ ಎದುರಿನ ತೆಂಗಿನ ಹಣ್ಣುಗರಿಗಳನ್ನು ಇಳಿಸಿದರೆ ಜೂನಿನಲ್ಲಿ ತರಗತಿಗಳು ತೆರೆಯುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ.