ಜಲಾನಯನದಲ್ಲಿ ನಯನವಿಲ್ಲ

ಪುಣೆಯಲ್ಲಿ ನದಿ ಉಳಿಸುವ ಕೆಲಸಕ್ಕೆ ಜನರ ಕೊರತೆಯಿಲ್ಲ. ಭಾನುವಾರ ಬೆಳಿಗ್ಗೆ ಮುಠಾ ದಂಡೆಗೆ ಹೋದರೆ ಕೈಗವಸು ಹಾಕಿಕೊಂಡು ಪ್ಲಾಸ್ಟಿಕ್ ಹೆಕ್ಕುವವರು ಸಿಗುತ್ತಾರೆ, ಶಾಲೆಯ ಮಕ್ಕಳಿಗೆ ಹಕ್ಕಿ ತೋರಿಸುವವರು ಸಿಗುತ್ತಾರೆ. ನಾನೂ ಹೋಗಿದ್ದೇನೆ. ಅವರ ಶ್ರಮದ ಬಗ್ಗೆ ಗೌರವವಿದೆ. ನನ್ನ ತಕರಾರು ಇರುವುದು ಆ ಪಾಠ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದರ ಬಗ್ಗೆ.

ಕಳೆದ ವರ್ಷ ಮಕ್ಕಳ ಮರಾಠಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ಬಂತು. ಅದರಲ್ಲಿ 'ಪಾಣಲೋಟ' ಎಂಬ ಪದವಿತ್ತು. ನೀರು ನುಗ್ಗಿ ಬರುವುದು ಆ ಪದದಲ್ಲೇ ಕೇಳಿಸುತ್ತದೆ. ನಮ್ಮಲ್ಲಿರುವುದು 'ಜಲಾನಯನ'. ಎಷ್ಟೋ ಜನ ಅದನ್ನು ಜಲದ ನಯನ, ನೀರಿನ ಕಣ್ಣು ಎಂದುಕೊಂಡಿದ್ದಾರೆ. ಅಲ್ಲ. ಅದು ಜಲ, ಆನಯನ. ಆನಯನ ಎಂದರೆ ತರುವುದು. ಗುಡ್ಡ, ಹೊಲ, ರಸ್ತೆ, ಬಚ್ಚಲು, ಎಲ್ಲೆಲ್ಲಿಯ ನೀರು ಒಂದೇ ಹರಿವಿಗೆ ಬಂದು ಸೇರುತ್ತದೋ ಅಷ್ಟೂ ಜಾಗ. ಆದರೆ ಕೈಪಿಡಿಯ ನಕ್ಷೆ ಪುಣೆಯ ಗಡಿಗೇ ಮುಗಿದಿತ್ತು. ಅದರಾಚೆ ಬಿಳಿ ಕಾಗದ.

ಆ ಬಿಳಿ ಕಾಗದದಲ್ಲಿ ನಮ್ಮವರಿದ್ದಾರೆ. ಮುಳಾ, ಮುಠಾ ಪುಣೆಯ ಸಂಗಮದಲ್ಲಿ ಕೂಡಿ ಮುಂದೆ ಭೀಮೆಯನ್ನು ಸೇರುತ್ತವೆ. ಭೀಮೆ ಉಜನಿ ಜಲಾಶಯ ತುಂಬಿಸಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತದೆ. ಗಾಣಗಾಪುರದ ಹತ್ತಿರ ಅಮರ್ಜಾ ಕೂಡಿಕೊಳ್ಳುತ್ತದೆ. ಯಾದಗಿರಿ ದಾಟಿ ರಾಯಚೂರು ಸೀಮೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಅಂದರೆ ಕೋಥ್ರೂಡಿನ ಫ್ಲ್ಯಾಟಿನಲ್ಲಿ ಕೂತ ಕನ್ನಡಿಗನ ಬಚ್ಚಲ ನೀರು ಊರಿನ ದಿಕ್ಕಿಗೇ ಹೊರಡುತ್ತದೆ. ದಾರಿಯಲ್ಲಿ ಉಜನಿ ಅದನ್ನು ತಡೆಯುತ್ತದೆ ನಿಜ. ಹಾಗೆ ತಡೆದದ್ದರ ಬೆಲೆ ಏನೆಂದು ಹಿನ್ನೀರು ಪಾಚಿಗಟ್ಟಿ ಹಸಿರಾಗುವುದನ್ನು ನೋಡುವ ಮೀನುಗಾರರನ್ನು ಕೇಳಿ.

ಇದಕ್ಕೆ ನಗರ ಕೊಟ್ಟ ಉತ್ತರ ದಂಡೆಯ ಅಲಂಕಾರ. 44 ಕಿಲೋಮೀಟರ್ ದಂಡೆ ಕಟ್ಟುವ ಯೋಜನೆ ಭರದಿಂದ ಶುರುವಾಯಿತು. ಅದಕ್ಕಾಗಿ ಮರ ಕಡಿಯುವುದನ್ನು ವಿರೋಧಿಸಿ 2023ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಬೀದಿಗಿಳಿದರು. ಕೊಳಚೆ ಶುದ್ಧೀಕರಣಕ್ಕೆ ಜಪಾನಿನ ಸಾಲದ ನೆರವಿನಲ್ಲಿ 11 ಘಟಕಗಳ, ದಿನಕ್ಕೆ 39.6 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ 2016ರಲ್ಲೇ ಒಪ್ಪಿಗೆ ಪಡೆದಿತ್ತು. ಅದು ಮಾತ್ರ ವರ್ಷಗಟ್ಟಲೆ ಕುಂಟಿತು.

"ದಂಡೆ ಚೆನ್ನಾಗಿದ್ದರೆ ಜನ ಬರುತ್ತಾರೆ, ಬಂದರೆ ನದಿಯನ್ನು ಪ್ರೀತಿಸುತ್ತಾರೆ" ಎಂಬ ವಾದವಿದೆ. ಜನ ಬರಬೇಕು ಎಂಬುದನ್ನು ಒಪ್ಪುತ್ತೇನೆ. ಆ ಮೆರವಣಿಗೆಗೆ ಬಂದವರಲ್ಲಿ ಹಲವರು ನದಿ ನಡಿಗೆಯಲ್ಲೇ ಕಣ್ಣು ತೆರೆದವರು. ಆದರೆ ಅವರು ನಡೆದದ್ದು ಮಣ್ಣಿನ ದಂಡೆಯ ಮೇಲೆ, ವಾಸನೆ ಕುಡಿದುಕೊಂಡು. ಕಾಂಕ್ರೀಟು ಹಾದಿ ಕಲಿಸುವುದು ಹಾದಿಯ ಪ್ರೀತಿಯನ್ನಷ್ಟೇ.

ಪದಗಳ ವಿಷಯಕ್ಕೆ ಮತ್ತೆ ಬರುತ್ತೇನೆ, ಅದು ನನ್ನ ಕಸುಬು. ಮರಾಠಿಯ ಓಢಾ, ನಮ್ಮ ಹಳ್ಳ, ಎರಡೂ ನಗರದ ಬಾಯಲ್ಲಿ 'ನಾಲಾ' ಆಗಿವೆ. ಬೆಂಗಳೂರಿನಲ್ಲಿ ವೃಷಭಾವತಿ ಎಂಬ ನದಿ ಕೆಂಗೇರಿ ಮೋರಿಯಾಯಿತು. ಹಳ್ಳಕ್ಕೆ ಚಪ್ಪಡಿ ಹಾಕಲು ಹೊರಟರೆ ಊರವರು ಕೇಳುತ್ತಾರೆ. ಮೋರಿಗೆ ಹಾಕಿದರೆ ಥ್ಯಾಂಕ್ಸ್ ಹೇಳುತ್ತಾರೆ.

ಹಾಗಾಗಿ ನದಿ ಪಾಠ ದಂಡೆಯಲ್ಲಿ ಶುರುವಾಗಿ ದಂಡೆಯಲ್ಲೇ ಮುಗಿಯಬಾರದು. ಸೊಸೈಟಿಯ ಹಿಂದಿನ ಹಳ್ಳದ ಹೆಸರು ಹುಡುಕುವುದರಿಂದ ಅದು ಶುರುವಾಗಲಿ. ಶುದ್ಧೀಕರಣ ಘಟಕದ ಗೇಟಿನ ಮುಂದೆ ಮಕ್ಕಳೇ ನಿಂತು ಎಷ್ಟು ಕೊಳಚೆ ಒಳಗೆ ಬಂತು, ಎಷ್ಟು ಶುದ್ಧವಾಗಿ ಹೊರಗೆ ಹೋಯಿತು ಎಂದು ಕೇಳಲಿ. ಆಮೇಲೆ ಹೆಕ್ಕಿದ ಪ್ಲಾಸ್ಟಿಕ್ ಮೂಟೆಯ ಜೊತೆ ಫೋಟೊ ತೆಗೆಸಿಕೊಳ್ಳಲಿ, ಬೇಡವೆನ್ನುವುದಿಲ್ಲ.

ಇನ್ನು ನಮ್ಮ ಹೊರನಾಡ ಸಂಘಗಳು. ನವೆಂಬರ್ ಬಂದರೆ ವೇದಿಕೆಯ ಮೇಲೆ ಕಾವೇರಿ ಹರಿಯುತ್ತಾಳೆ. ಕಾವೇರಿ ನಮ್ಮವಳೇ. ಆದರೆ ಪುಣೆಯ ಕನ್ನಡಿಗ ದಿನಾ ಮುಟ್ಟುವ, ದಿನಾ ಕೆಡಿಸುವ ನೀರು ಕಾವೇರಿಯದಲ್ಲ. ಈ ಸಲ ರಾಜ್ಯೋತ್ಸವಕ್ಕೆ ಒಬ್ಬ ಸಿನಿಮಾ ನಟನನ್ನು ಕಡಿಮೆ ಮಾಡಿ, ಅಫಜಲಪುರದ ಕಡೆಯಿಂದ ಭೀಮಾ ದಂಡೆಯ ಒಬ್ಬ ರೈತರನ್ನು ಕರೆಸಿ. ನಾವು ಕಳಿಸಿದ್ದು ಅಲ್ಲಿಗೆ ಹೇಗೆ ತಲುಪಿತು ಎಂದು ಅವರು ಹೇಳಲಿ. ಶಾಲು ಹೊದಿಸುವುದು ಆಮೇಲೆ.