ಮಾಮನ ‘ಡೂಪ್ಲಿಕೇಟ್’ ಗಿಟಾರ್

ದೀಪಾವಳಿಗೆ ಊರಿಗೆ ಹೋದರೆ ನನಗೆ ಕಾಯಂ ಡ್ಯೂಟಿ ಒಂದೇ: ಅಟ್ಟ ಸ್ವಚ್ಛ ಮಾಡೋದು. ಹೋದ ವರ್ಷ ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ಮಾಮನ ಮನೆಯಲ್ಲಿ ಏಣಿ ಹಾಕಿ ಹತ್ತಿದ್ದೆ. ಹಳೇ ತೊಟ್ಟಿಲು, ಕೆಟ್ಟುಹೋದ ಕೂಲರ್, ಅದರ ಹಿಂದೆ ಚಾದರದಲ್ಲಿ ಸುತ್ತಿಟ್ಟ ಉದ್ದನೆಯದೇನೋ ಒಂದು. ಕೆಳಗಿನಿಂದ ಅತ್ತೆ ಕೂಗಿದರು: “ಅದನ್ನೂ ಇಳಸಪಾ. ಗುಜರಿಯವ ಬಂದಾಗ ಕೊಟ್ಟುಬಿಡೋಣು.”

ಚಾದರ ಬಿಚ್ಚಿದರೆ ಎಲೆಕ್ಟ್ರಿಕ್ ಗಿಟಾರ್! ತಂತಿಗಳಿಗೆ ತುಕ್ಕು ಹಿಡಿದಿತ್ತು, ಒಂದು ನಾಬ್ ಇರಲಿಲ್ಲ. ಮೈ ಮೇಲಿನ ಪಾಲಿಶ್ ಮಾತ್ರ ಒರೆಸಿದ ಕೂಡಲೇ ಮಿಂಚಿತು. ತಲೆಯ ಮೇಲೆ ‘ಇಬಾನೆಜ್’ ಅಂತ ಹೆಸರು.

ನಾನು ಕುಣಿದಾಡುತ್ತಾ ಕೆಳಗೆ ತಂದರೆ ಮಾಮ ಪೇಪರಿನಿಂದ ತಲೆ ಎತ್ತಲಿಲ್ಲ. “ಅದು ಡೂಪ್ಲಿಕೇಟ್ ಐತಿ ಬಿಡಲೇ” ಅಂದರು, ಅಷ್ಟೇ.

ಆ ಒಂದು ಮಾತಿನ ಹಿಂದಿನ ಕಥೆ ಹೇಳಿದ್ದು ಅತ್ತೆ, ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಾ. ಎಂಬತ್ತರ ದಶಕದಲ್ಲಿ ಮಾಮ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಹಬ್ಬ ಬಂತೆಂದರೆ ಸಿರುಗುಪ್ಪ, ಕುರುಗೋಡು, ಸಂಡೂರು ಅಂತ ಟೆಂಪೋದಲ್ಲಿ ಸುತ್ತಾಟ. ನಮ್ಮ ಕಡೆ ಜನಕ್ಕೆ ಕನ್ನಡ ಹಾಡೂ ಬೇಕು, ತೆಲುಗೂ ಬೇಕು, ನಡುರಾತ್ರಿ ಆದಮೇಲೆ ಹಿಂದಿಯೂ ಬೇಕು. 1987ರಲ್ಲಿ ಬೆಂಗಳೂರಿನ ಒಬ್ಬ ಕಲಾವಿದ ಮಾರಲು ಇಟ್ಟಿದ್ದ ಈ ಗಿಟಾರನ್ನು ಮಾಮ ತಂದರು. ದುಡ್ಡು ಎಲ್ಲಿಂದ? ಅತ್ತೆಯ ತವರಿನ ಎರಡು ಬಳೆ, ಎರಡು ತೊಲದವು.

ಮರುವರ್ಷ ಒಂದು ಕಾರ್ಯಕ್ರಮಕ್ಕೆ ದೊಡ್ಡ ಊರಿನ ಗಿಟಾರಿಸ್ಟ್ ಒಬ್ಬರು ಬಂದಿದ್ದರಂತೆ. ಎಲ್ಲರೆದುರು, “ಇದು ಗಿಬ್ಸನ್ ಕಾಪಿ ಅಲ್ಲೇನ್ರೀ? ನಕಲಿಗೆ ಇಷ್ಟು ಕೊಟ್ರಾ?” ಅಂತ ನಕ್ಕರಂತೆ. ಮಾಮ ಅದನ್ನು ಮನೆಯಲ್ಲಿ ಹೇಳಲಿಲ್ಲ. ತಬಲಾ ನುಡಿಸುವವರ ಹೆಂಡತಿ ಮೂಲಕ ಅತ್ತೆಗೆ ಗೊತ್ತಾಯಿತು. ಅತ್ತೆಯೂ ಕೇಳಲಿಲ್ಲ. ಆಮೇಲೆ ಒಂದೇ ಕೀಬೋರ್ಡ್ ನಾಲ್ಕು ಜನರ ಕೆಲಸ ಮಾಡುವ ಕಾಲ ಬಂತು. ಮಾಮ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದರು, ಗಿಟಾರ್ ಅಟ್ಟ ಸೇರಿತು. ಎರಡು ಬಳೆಯ ಮಾತು ಮೂವತ್ತು ವರ್ಷ ಇಬ್ಬರ ನಡುವೆ ಹಾಗೇ ಉಳಿಯಿತು.

ನಾನು ಗಿಟಾರನ್ನು ಬೆಂಗಳೂರಿಗೆ ತಂದೆ. ಹಿಂಬದಿಯಲ್ಲಿ ಕುತ್ತಿಗೆಯನ್ನು ಮೈಗೆ ಜೋಡಿಸುವ ಲೋಹದ ಪಟ್ಟಿಯ ಮೇಲೆ ಒಂದು ನಂಬರ್ ಇತ್ತು: ‘ಎಚ್’ ಅಕ್ಷರ, ಪಕ್ಕದಲ್ಲಿ 76, ಆಮೇಲೆ ನಾಲ್ಕು ಅಂಕಿ. ಆ ಕಾಲದ ಇಬಾನೆಜ್‌ಗಳಲ್ಲಿ ಅಕ್ಷರ ಅಂದರೆ ತಿಂಗಳು. ‘ಎ’ ಜನವರಿ, ‘ಎಲ್’ ಡಿಸೆಂಬರ್. ಮುಂದಿನ ಎರಡು ಅಂಕಿ ವರ್ಷ. ಅಂದರೆ ಇದು ಹುಟ್ಟಿದ್ದು 1976ರ ಆಗಸ್ಟ್‌ನಲ್ಲಿ, ನನಗಿಂತ ಎಷ್ಟೋ ಹಿರಿಯ.

ಇಬಾನೆಜ್ ಎಂಬ ಸ್ಪ್ಯಾನಿಷ್ ಹೆಸರಿನ ಹಿಂದಿರುವುದು ಜಪಾನಿನ ನಗೋಯಾದ ಹೋಶಿನೋ ಗಕ್ಕಿ ಕಂಪನಿ. 1908ರಲ್ಲಿ ಪುಸ್ತಕದಂಗಡಿಯಾಗಿ ಶುರುವಾದದ್ದು. ಎಪ್ಪತ್ತರ ದಶಕದಲ್ಲಿ ಅವರ ಎಲೆಕ್ಟ್ರಿಕ್ ಗಿಟಾರ್‌ಗಳನ್ನು ಮಾಡುತ್ತಿದ್ದದ್ದು ಮತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆ. ಮೊದಮೊದಲು ಅವರು ಅಮೆರಿಕದ ಗಿಬ್ಸನ್, ಫೆಂಡರ್ ಮಾಡೆಲ್‌ಗಳನ್ನೇ ನೋಡಿ ಮಾಡುತ್ತಿದ್ದದ್ದು ನಿಜ. ಮಾಮನಿಗೆ ನಕ್ಕವರು ಸುಳ್ಳು ಹೇಳಿರಲಿಲ್ಲ.

ಆದರೆ ಅವರು ಅರ್ಧ ಮಾತ್ರ ಹೇಳಿದ್ದರು. ಅದೇ ಹೊತ್ತಿಗೆ ಅಮೆರಿಕದಲ್ಲಿ ಫೆಂಡರ್ 1965ರಿಂದಲೇ ಸಿಬಿಎಸ್ ಎಂಬ ಪ್ರಸಾರ ಕಂಪನಿಯ ಕೈಯಲ್ಲಿತ್ತು, ಗಿಬ್ಸನ್ ನಾರ್ಲಿನ್ ಎಂಬ ಸಮೂಹದ ಕೈಯಲ್ಲಿತ್ತು. ಗಿಟಾರ್ ಭಾರ ಆಯ್ತು, ಫಿನಿಶಿಂಗ್ ಮೊದಲಿನಂತಿಲ್ಲ ಅಂತ ನುಡಿಸುವವರು ಗೊಣಗುತ್ತಿದ್ದ ಕಾಲ ಅದು. ಜಪಾನಿನವರು ಆಗ ದಿನದಿನಕ್ಕೂ ಚೆನ್ನಾಗಿ ಮಾಡುತ್ತಾ ಹೋದರು. 1977ರಲ್ಲಿ ನಾರ್ಲಿನ್ ಫಿಲಡೆಲ್ಫಿಯಾದ ಕೋರ್ಟಿನಲ್ಲಿ ಕೇಸು ಹಾಕಿತು. ತಕರಾರು ಗಿಟಾರಿನ ತಲೆಯ ಆಕಾರದ ಮೇಲೆ. ಅಷ್ಟರೊಳಗೆ ಇಬಾನೆಜ್ ಆ ಆಕಾರ ಬದಲಿಸಿಯೂ ಆಗಿತ್ತು. ಮರುವರ್ಷ ಕೇಸು ಹೊರಗೇ ರಾಜಿಯಾಯಿತು. ಆ ವರ್ಷಗಳ ಜಪಾನಿ ಗಿಟಾರ್‌ಗಳನ್ನು ಇವತ್ತಿಗೂ ‘ಲಾಸೂಟ್’ ಗಿಟಾರ್ ಅನ್ನೋದು ಇದಕ್ಕೇ. 1982ರಲ್ಲಿ ಫೆಂಡರ್ ತಾನೇ ಜಪಾನಿನಲ್ಲಿ ಗಿಟಾರ್ ಮಾಡಿಸಲು ಹೊರಟಾಗ ಕೆಲಸ ಒಪ್ಪಿಸಿದ್ದು ಯಾರಿಗೆ ಗೊತ್ತಾ? ಅದೇ ಫುಜಿಜೆನ್‌ಗೆ!

ಇನ್ನೊಂದು ಸಂಗತಿ ನನಗೆ ಹೆಚ್ಚು ಖುಷಿ ಕೊಟ್ಟಿತು. ಬೆರಳಾಡಿಸುವ ಪಟ್ಟಿ ರೋಸ್‌ವುಡ್ಡಿನದು, ನಮ್ಮ ಮಲೆನಾಡಿನ ಬೀಟೆಯ ಬಳಗದ್ದು. ಅರವತ್ತರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿ ಹೊರಗೆ ಕಳಿಸುವುದನ್ನು ನಿಲ್ಲಿಸಿದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ ಕೂಡ 1969ರಲ್ಲಿ ಭಾರತದ ಬೀಟೆಗೆ ಬದಲಾಯಿತು. ನಮ್ಮ ಕಾಡಿನ ಮರಕ್ಕೆ ಜಗತ್ತೆಲ್ಲ ಗಿರಾಕಿ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ನಾನು ಕಲಿತ ನಾಲ್ಕು ಮಾತು. ಮೊದಲು ಕುತ್ತಿಗೆ ನೇರ ಇದೆಯಾ ನೋಡಿ, ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡಿದಂತೆ. ಬಾಗಿದ್ದರೆ ಒಳಗಿನ ಕಬ್ಬಿಣದ ಸರಳನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಕಾದು ಮತ್ತೆ ನೋಡಬೇಕು. ನಾಬ್ ತಿರುಗಿಸಿದಾಗ ಕರಕರ ಅಂದರೆ ಗಾಬರಿ ಬೇಡ, ಬಹಳ ಸಲ ಅದು ಬರೀ ಧೂಳು. ಕಾಂಟ್ಯಾಕ್ಟ್ ಕ್ಲೀನರ್‌ಗೆ ಹೋಗುತ್ತೆ. ಪಿಕಪ್ ಅಂದರೆ ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳು ತಾಮ್ರದ ತಂತಿಯ ಸಾವಿರಾರು ಸುತ್ತು. ಅದನ್ನು ಬದಲಿಸಬೇಡಿ, ಹಳೇ ಗಿಟಾರಿನ ದನಿ ಇರೋದೇ ಅಲ್ಲಿ. ಹೊಸ ಬಣ್ಣವನ್ನಂತೂ ಹೊಡೆಸಲೇಬೇಡಿ. ಬಳ್ಳಾರಿಯಂಥ ಬಿಸಿಲೂರಿನಲ್ಲಿ ಆರ್‌ಸಿಸಿ ಕೆಳಗಿನ ಅಟ್ಟ ಮರಕ್ಕೆ ಒಲೆ ಇದ್ದಂಗೆ. ಅಲ್ಲಿ ಇಡಬೇಡಿ.

ಹಾಗೇ ಇನ್ನೊಂದು: ಇದನ್ನು ಇನ್ವೆಸ್ಟ್‌ಮೆಂಟ್ ಅಂದ್ಕೋಬೇಡಿ. ಇಂಥ ಗಿಟಾರಿಗೆ ಈಗ ಒಳ್ಳೆ ಬೆಲೆ ಇದೆ, ನಿಜ. ಆದರೆ ಅತ್ತೆಯ ಆ ಎರಡು ಬಳೆ ಇವತ್ತಿಗೆ ಉಳಿದಿದ್ದರೆ ಅವುಗಳಿಂದ ಇಂಥವು ಎರಡು ಬರುತ್ತಿದ್ದವು.

ಯುಗಾದಿಗೆ ಗಿಟಾರ್ ಜೊತೆ ಸಣ್ಣ ಆಂಪ್ ತಗೊಂಡು ಹೋದೆ. ಮಾಮನ ಮುಂದೆ ಕೂತು ನಂಬರ್ ತೋರಿಸಿ ಎಲ್ಲಾ ಹೇಳಿದೆ. ಕೋರ್ಟು, ಕೇಸು, ಫೆಂಡರ್. ಕೊನೆಗೆ, “ಮಾಮ, ಇದು ಕಾಪಿ ಹೌದು. ಆದ್ರ ಅಸಲಿಯವರು ಕೋರ್ಟಿಗೆ ಓಡುವಷ್ಟು ಚಲೋ ಕಾಪಿ” ಅಂದೆ.

ಮಾಮ ಬಹಳ ಹೊತ್ತು ಆ ಪಟ್ಟಿಯನ್ನೇ ಸವರುತ್ತಿದ್ದರು. ಆಮೇಲೆ ತೊಡೆ ಮೇಲೆ ಇಟ್ಟುಕೊಂಡರು. ಶುಗರಿನಿಂದ ಎಡಗೈ ಬೆರಳು ಈಗ ಪೂರ್ತಿ ಮಡಚೋದಿಲ್ಲ. ಮೂರು ಸಲ ತಪ್ಪಿತು. ನಾಲ್ಕನೇ ಸಲ ಒಂದು ಹಳೇ ಹಾಡಿನ ಶುರುವಿನ ತುಣುಕು ಬಂತು, ನಿಧಾನಕ್ಕೆ, ಆದರೆ ಸರಿಯಾಗಿ.

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅತ್ತೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು.

“ಕುರುಗೋಡಿನಾಗ ಬಾರಿಸಿದ್ರಲ್ಲ, ಅದ ಅಲ್ಲೇನ್ರೀ ಇದು?”

“ಹೂಂ.”

“ಅವತ್ತ ಇನ್ನೂ ಚಲೋ ಬಾರಿಸಿದ್ರಿ” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಬೆಂಗಳೂರಿಗೆ ಒಯ್ಯಬ್ಯಾಡ. ನನ್ನ ಬಳಿ ಅದು. ಇಲ್ಲೇ ಇರ್ಲಿ” ಅಂದರು.

ಈಗ ಅದು ಅಟ್ಟದಲ್ಲಿಲ್ಲ, ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ನಾಬ್ ಮಾತ್ರ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅತ್ತೆ ಹಳೇ ಮಿಕ್ಸಿಯದೊಂದು ಸಿಕ್ಕಿಸಿದ್ದಾರೆ.